ಸೊಂಟದ ಸುತ್ತಳತೆ: ವರ್ತಕರು ಇಡಬೇಕಾದ ಇನ್ನೊಂದು ಲೆಕ್ಕ

ಗಲ್ಲಾಪೆಟ್ಟಿಗೆಯ ಹಿಂದೆ ಹೊಟ್ಟೆ ಮುಂದುಮಾಡಿ ಕುಳಿತ ಸಾಹುಕಾರರನ್ನು ಕಂಡರೆ ವ್ಯಾಪಾರ ಚೆನ್ನಾಗಿ ನಡೆಯುತ್ತಿದೆ ಎಂದು ಊಹಿಸುವ ರೂಢಿ ಕನ್ನಡ ನಾಡಿನ ಪೇಟೆಗಳಲ್ಲಿ ಬಹಳ ಹಳೆಯದು. ಹೊಟ್ಟೆತುಂಬ ಅನ್ನವೇ ಅಪರೂಪವಾಗಿದ್ದ ಕಾಲದಲ್ಲಿ ಆ ಊಹೆಗೆ ಅರ್ಥವಿತ್ತು. ಇಂದು ಅದೇ ಹೊಟ್ಟೆಯನ್ನು ವೈದ್ಯರು ಬೇರೆಯೇ ದೃಷ್ಟಿಯಿಂದ ನೋಡುತ್ತಾರೆ. ಅವರ ಪಾಲಿಗೆ ಅದು ಸ್ಥಿತಿವಂತಿಕೆಯ ಗುರುತಲ್ಲ. ಮಧುಮೇಹ, ರಕ್ತದೊತ್ತಡ, ಹೃದ್ರೋಗಗಳ ಮುನ್ಸೂಚನೆ.

ವರ್ತಕರಿಗೆ ಹಾಗೂ ಸಣ್ಣ ಉದ್ಯಮಿಗಳಿಗೆ ಈ ವಿಷಯ ಉಳಿದವರಿಗಿಂತ ಹೆಚ್ಚು ಮುಖ್ಯವಾದುದು. ದೊಡ್ಡ ಕಂಪೆನಿಯ ಅಧಿಕಾರಿಯೊಬ್ಬರು ಮೂರು ವಾರ ಆಸ್ಪತ್ರೆ ಸೇರಿದರೆ ಅವರ ಕೆಲಸವನ್ನು ಮತ್ತೊಬ್ಬರು ನೋಡಿಕೊಳ್ಳುತ್ತಾರೆ. ಒಬ್ಬರೇ ಮಾಲೀಕರಿರುವ ಅಂಗಡಿಯಲ್ಲಾಗಲಿ, ಹತ್ತಿಪ್ಪತ್ತು ಕೆಲಸಗಾರರ ಕಾರ್ಖಾನೆಯಲ್ಲಾಗಲಿ ಆ ಅನುಕೂಲವಿಲ್ಲ. ಸರಕಿನ ಖರೀದಿ, ಬಾಕಿ ವಸೂಲಿ, ಬ್ಯಾಂಕಿನ ವ್ಯವಹಾರ, ತೆರಿಗೆಯ ಲೆಕ್ಕ, ಚೆಕ್ಕಿಗೆ ಸಹಿ ಎಲ್ಲವೂ ಒಬ್ಬರ ಮೇಲೆಯೇ ನಿಂತಿರುತ್ತವೆ. ಅವರು ಮಲಗಿದರೆ ವ್ಯವಹಾರವೂ ಮಲಗುತ್ತದೆ.

ಈ ಭಯ ಉತ್ಪ್ರೇಕ್ಷೆಯದಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ ಮುಂದೆ ಕೆನಡಾದಲ್ಲಿ ನೆಲೆಸಿದ ಡಾ. ಸಲೀಂ ಯೂಸುಫ್ ಅವರ ನೇತೃತ್ವದಲ್ಲಿ 52 ದೇಶಗಳಲ್ಲಿ ನಡೆದ ‘ಇಂಟರ್‌ಹಾರ್ಟ್’ ಅಧ್ಯಯನದ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಮೊದಲ ಹೃದಯಾಘಾತಕ್ಕೆ ಕಾರಣವಾಗುವ ಒಂಬತ್ತು ಮುಖ್ಯ ಅಂಶಗಳಲ್ಲಿ ಹೊಟ್ಟೆಯ ಬೊಜ್ಜು ಒಂದೆಂದು ಅದು ತೋರಿಸಿತು. ಅದೇ ಅಧ್ಯಯನದ 2007ರ ವರದಿಯಂತೆ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬರುವ ಸರಾಸರಿ ವಯಸ್ಸು 53. ಇತರ ದೇಶಗಳವರಿಗೆ ಸುಮಾರು 59. ಐವತ್ತಮೂರು ಎಂದರೆ ಮಕ್ಕಳು ಇನ್ನೂ ಓದುತ್ತಿರುವ, ಸಾಲದ ಕಂತುಗಳು ಇನ್ನೂ ತೀರದ, ವ್ಯಾಪಾರ ಆಗತಾನೇ ಒಂದು ನೆಲೆಗೆ ಬಂದಿರುವ ವಯಸ್ಸು.

ಎರಡು ಬಗೆಯ ಕೊಬ್ಬು

ಹೊಟ್ಟೆಯ ಭಾಗದಲ್ಲಿ ಕೊಬ್ಬು ಎರಡು ಕಡೆ ಶೇಖರವಾಗುತ್ತದೆ. ಒಂದು ಚರ್ಮದ ಕೆಳಗಿನದು. ಬೆರಳಿನಿಂದ ಹಿಡಿದು ನೋಡಬಹುದಾದದ್ದು. ಇನ್ನೊಂದು ಹೊಟ್ಟೆಯ ಸ್ನಾಯುಗಳ ಒಳಗಡೆ, ಯಕೃತ್ತು, ಕರುಳು ಮುಂತಾದ ಅಂಗಗಳ ಸುತ್ತ ಕೂಡಿಕೊಳ್ಳುವಂಥದು. ಕೈಗೆ ಸಿಗದ ಈ ಎರಡನೆಯದೇ ಹೆಚ್ಚು ಅಪಾಯಕಾರಿ.

ಒಳಗಿನ ಈ ಕೊಬ್ಬು ಗೋದಾಮಿನಲ್ಲಿಟ್ಟ ಮೂಟೆಯಂತೆ ಸುಮ್ಮನೆ ಬಿದ್ದಿರುವುದಿಲ್ಲ. ಅದರಿಂದ ಬಿಡುಗಡೆಯಾಗುವ ಕೊಬ್ಬಿನಾಮ್ಲಗಳು ಕರುಳಿನ ರಕ್ತನಾಳದ ಮೂಲಕ ನೇರವಾಗಿ ಯಕೃತ್ತನ್ನು ಸೇರುತ್ತವೆ. ಉರಿಯೂತವನ್ನುಂಟುಮಾಡುವ ರಾಸಾಯನಿಕಗಳೂ ಅದರಿಂದ ಹೊರಡುತ್ತವೆ. ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಕೊಬ್ಬು ತುಂಬಿದಂತೆ ಇನ್ಸುಲಿನ್ ಎಂಬ ಹಾರ್ಮೋನಿನ ಮಾತು ನಡೆಯದಾಗುತ್ತದೆ. ಮೇದೋಜೀರಕ ಗ್ರಂಥಿ ಹೆಚ್ಚು ಹೆಚ್ಚು ಇನ್ಸುಲಿನ್ ಸುರಿಸಿ ಕೆಲವು ವರ್ಷ ಹೇಗೋ ನಿಭಾಯಿಸುತ್ತದೆ. ಅದು ದಣಿದಾಗ ರಕ್ತದಲ್ಲಿ ಸಕ್ಕರೆ ಏರುತ್ತದೆ. ಮಧುಮೇಹ ಗೊತ್ತಾಗುವ ದಿನಕ್ಕೆ ಈ ವ್ಯವಹಾರ ಶುರುವಾಗಿ ಹಲವು ವರ್ಷಗಳೇ ಕಳೆದಿರುತ್ತವೆ.

ತೂಕ ಹೇಳದ ಸತ್ಯ

‘ನನ್ನ ತೂಕ ಎತ್ತರಕ್ಕೆ ಸರಿಯಾಗಿದೆ, ಹೊಟ್ಟೆ ಮಾತ್ರ ಸ್ವಲ್ಪ ಬಂದಿದೆ’ ಎನ್ನುವವರು ಪೇಟೆಯಲ್ಲಿ ಬಹಳ ಮಂದಿ. ಈ ಸಮಾಧಾನ ಭಾರತೀಯರ ಮಟ್ಟಿಗೆ ನಂಬತಕ್ಕದ್ದಲ್ಲ. ಪುಣೆಯ ವೈದ್ಯ ವಿಜ್ಞಾನಿ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ತಮ್ಮಿಬ್ಬರ ದೇಹಗಳನ್ನೇ ಉದಾಹರಣೆಯಾಗಿಟ್ಟು 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ಚಿತ್ರವನ್ನು ಪ್ರಕಟಿಸಿದರು. ಎತ್ತರಕ್ಕೂ ತೂಕಕ್ಕೂ ಇರುವ ಅನುಪಾತವನ್ನು ಹೇಳುವ ದೇಹತೂಕ ಸೂಚ್ಯಂಕ, ಅಂದರೆ ಬಿ.ಎಂ.ಐ., ಇಬ್ಬರಿಗೂ ಒಂದೇ: 22.3. ಆದರೆ ಯುಡ್ಕಿನ್ ಅವರ ದೇಹದಲ್ಲಿದ್ದ ಕೊಬ್ಬು ಶೇಕಡ 9.1, ಯಾಜ್ಞಿಕ್ ಅವರ ದೇಹದಲ್ಲಿದ್ದದ್ದು ಶೇಕಡ 21.2. ತಕ್ಕಡಿ ಒಂದೇ ಅಂಕಿಯನ್ನು ತೋರಿಸಿದರೂ ಒಳಗಿನ ಸರಕು ಬೇರೆಯಾಗಿತ್ತು.

ಭಾರತೀಯರಲ್ಲಿ ಸ್ನಾಯುವಿನ ಪಾಲು ಕಡಿಮೆ, ಕೊಬ್ಬಿನ ಪಾಲು ಹೆಚ್ಚು. ಅದರಲ್ಲಿಯೂ ಹೊಟ್ಟೆಯ ಭಾಗದ ಕೊಬ್ಬು ಹೆಚ್ಚು. ಆದುದರಿಂದಲೇ ಭಾರತೀಯ ತಜ್ಞರು 2009ರಲ್ಲಿ ಒಮ್ಮತಕ್ಕೆ ಬಂದು ಸೊಂಟದ ಸುತ್ತಳತೆಯ ಮಿತಿಯನ್ನು ಪುರುಷರಿಗೆ 90 ಸೆಂಟಿಮೀಟರ್, ಮಹಿಳೆಯರಿಗೆ 80 ಸೆಂಟಿಮೀಟರ್ ಎಂದು ಗೊತ್ತುಪಡಿಸಿದರು. ಇಂಚುಗಳ ಲೆಕ್ಕದಲ್ಲಿ ಅವು ಸುಮಾರು ಮೂವತ್ತೈದೂವರೆ ಹಾಗೂ ಮೂವತ್ತೊಂದೂವರೆ. ಬಿ.ಎಂ.ಐ.ಯಲ್ಲಿಯೂ 23ಕ್ಕೇ ಎಚ್ಚರಿಕೆಯ ಗಂಟೆ ಬಾರಿಸಬೇಕೆಂದು ಅವರ ಅಭಿಪ್ರಾಯ.

ಈ ಮಿತಿ ಮೀರಿದವರ ಸಂಖ್ಯೆ ಚಿಕ್ಕದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ‘ಇಂಡಿಯಾಬ್’ ಅಧ್ಯಯನದ 2023ರ ವರದಿಯಂತೆ ದೇಶದ ವಯಸ್ಕರಲ್ಲಿ ಶೇಕಡ 39.5 ಮಂದಿಗೆ ಹೊಟ್ಟೆಯ ಬೊಜ್ಜಿದೆ. ಶೇಕಡ 35.5 ಮಂದಿಗೆ ರಕ್ತದೊತ್ತಡ, ಶೇಕಡ 11.4 ಮಂದಿಗೆ ಮಧುಮೇಹ. ಇನ್ನೂ ಶೇಕಡ 15.3 ಮಂದಿ ಮಧುಮೇಹದ ಹೊಸ್ತಿಲಲ್ಲಿ ನಿಂತಿದ್ದಾರೆ.

ಕುಳಿತವರ ಹಸಿವು

ದಿನವಿಡೀ ಕುಳಿತು ವ್ಯಾಪಾರ ಮಾಡುವವರ ಮೈಯನ್ನು ಕುರಿತು ಭಾರತದಲ್ಲಿಯೇ ನಡೆದ ಒಂದು ಹಳೆಯ ಅಧ್ಯಯನವನ್ನು ಇಲ್ಲಿ ನೆನೆಯಬೇಕು. ಆಹಾರ ವಿಜ್ಞಾನಿ ಜೀನ್ ಮೇಯರ್ ಮತ್ತು ಅವರ ಸಂಗಡಿಗರು ಪಶ್ಚಿಮ ಬಂಗಾಳದ ಸೆಣಬಿನ ಗಿರಣಿಯೊಂದರಲ್ಲಿ 213 ಮಂದಿಯ ಆಹಾರ, ತೂಕ ಮತ್ತು ದುಡಿಮೆಗಳನ್ನು ಪರಿಶೀಲಿಸಿ 1956ರಲ್ಲಿ ವರದಿ ಪ್ರಕಟಿಸಿದರು. ಗಿರಣಿಯ ಬಜಾರಿನಲ್ಲಿ ಅಂಗಡಿ ಇಟ್ಟುಕೊಂಡು ದಿನವಿಡೀ ಕುಳಿತಿರುವವರು, ಮೇಲ್ವಿಚಾರಕರು, ಗುಮಾಸ್ತರು, ಯಂತ್ರದ ಕೆಲಸಗಾರರು, ಹೊರೆ ಹೊರುವವರು ಹೀಗೆ ಎಲ್ಲ ದರ್ಜೆಯವರೂ ಅವರಲ್ಲಿದ್ದರು.

ದುಡಿಮೆ ಹೆಚ್ಚಿದಂತೆ ಊಟ ಹೆಚ್ಚುವುದು ಸಹಜ. ಹೊರೆ ಹೊರುವವರು ಹೆಚ್ಚು ಉಣ್ಣುತ್ತಿದ್ದರು, ಆದರೂ ತೆಳ್ಳಗಿದ್ದರು. ಆಶ್ಚರ್ಯ ಕಂಡದ್ದು ಇನ್ನೊಂದು ತುದಿಯಲ್ಲಿ. ಅಂಗಡಿಯಲ್ಲಿ ಕುಳಿತವರ ದುಡಿಮೆ ಎಲ್ಲರಿಗಿಂತ ಕಡಿಮೆ. ಊಟ ಮಾತ್ರ ಕಷ್ಟದ ಕೆಲಸ ಮಾಡುವವರ ಊಟಕ್ಕೆ ಸರಿಸಮವಾಗಿತ್ತು. ತೂಕದಲ್ಲಿ ಅವರೇ ಮುಂದಿದ್ದರು. ಚಲನೆ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಹಸಿವು ಅದಕ್ಕೆ ತಕ್ಕಂತೆ ತಗ್ಗುವುದಿಲ್ಲ, ಬದಲಿಗೆ ಏರಲೂಬಹುದು ಎಂಬುದು ಈ ಅಧ್ಯಯನದ ತಾತ್ಪರ್ಯ. ‘ಹಸಿವಾದಷ್ಟೇ ತಿನ್ನುತ್ತೇನೆ’ ಎನ್ನುವ ವರ್ತಕರಿಗೆ ಹಸಿವೇ ಸರಿಯಾದ ಅಳತೆಗೋಲಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ಬೇಡ.

ಅದೇ ದಶಕದಲ್ಲಿ ಲಂಡನ್ನಿನ ಡಾ. ಜೆರ್ರಿ ಮಾರಿಸ್ ಅಲ್ಲಿನ ಬಸ್ಸುಗಳ ಸಿಬ್ಬಂದಿಯನ್ನು ಅಧ್ಯಯನ ಮಾಡಿದರು. ಎರಡಂತಸ್ತಿನ ಬಸ್ಸಿನ ಮೆಟ್ಟಿಲುಗಳನ್ನು ದಿನವಿಡೀ ಹತ್ತಿ ಇಳಿಯುವ ನಿರ್ವಾಹಕರಿಗಿಂತ ಕುಳಿತೇ ಇರುವ ಚಾಲಕರಲ್ಲಿ ಹೃದ್ರೋಗ ಹೆಚ್ಚೆಂದು 1953ರಲ್ಲಿ ತೋರಿಸಿದರು. ಸಮವಸ್ತ್ರ ಹೊಲಿಸಲು ಇಟ್ಟಿದ್ದ ಸೊಂಟದ ಅಳತೆಗಳನ್ನು 1956ರಲ್ಲಿ ಪರಿಶೀಲಿಸಿದಾಗ ಚಾಲಕರ ಸೊಂಟವೇ ದೊಡ್ಡದಾಗಿತ್ತು. ದರ್ಜಿಯ ಲೆಕ್ಕದ ಪುಸ್ತಕ ಅಂದು ವೈದ್ಯಶಾಸ್ತ್ರಕ್ಕೆ ನೆರವಾಯಿತು.

ಅಳೆಯುವ ಕ್ರಮ

ಪ್ಯಾಂಟಿನ ಸೈಜು ಹತ್ತು ವರ್ಷದಿಂದ ಬದಲಾಗಿಲ್ಲವೆಂಬ ಮಾತಿಗೆ ಬೆಲೆಯಿಲ್ಲ. ಹೊಟ್ಟೆ ಬೆಳೆದಂತೆ ಪ್ಯಾಂಟು ಅದರ ಕೆಳಗೆ ಜಾರುತ್ತದೆ, ಸೈಜು ಹಾಗೆಯೇ ಉಳಿಯುತ್ತದೆ. ಸರಿಯಾದ ಕ್ರಮವೆಂದರೆ, ಬೆಳಿಗ್ಗೆ ಬರಿ ಮೈಯಲ್ಲಿ ನೆಟ್ಟಗೆ ನಿಂತು, ಪಕ್ಕೆಲುಬಿನ ಕೊನೆಯ ಎಲುಬಿಗೂ ಸೊಂಟದ ಮೂಳೆಯ ಮೇಲ್ತುದಿಗೂ ನಡುವೆ ಟೇಪನ್ನು ಸುತ್ತಬೇಕು. ಉಸಿರನ್ನು ಸಹಜವಾಗಿ ಬಿಟ್ಟಾಗ ಅಳತೆ ನೋಡಬೇಕು. ಹೊಟ್ಟೆಯನ್ನು ಒಳಗೆಳೆದುಕೊಂಡರೆ ಮೋಸಹೋಗುವವರು ಅಳೆಯುವವರೇ.

ನೆನಪಿಡಲು ಇನ್ನೂ ಸುಲಭವಾದ ಸೂತ್ರವಿದೆ: ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆಯಿರಬೇಕು. ಐದು ಅಡಿ ಆರು ಇಂಚು ಎತ್ತರದವರಿಗೆ ಅದು 33 ಇಂಚು. ಅಳತೆ ಮಿತಿ ಮೀರಿದ್ದರೆ ಇನ್ನು ನಾಲ್ಕು ಪರೀಕ್ಷೆಗಳು ಅವಶ್ಯ. ರಕ್ತದೊತ್ತಡ 130/85 ಅಥವಾ ಅದಕ್ಕೂ ಹೆಚ್ಚಿದೆಯೇ, ಬರಿ ಹೊಟ್ಟೆಯ ರಕ್ತದ ಸಕ್ಕರೆ 100 ಅಥವಾ ಅದಕ್ಕೂ ಹೆಚ್ಚಿದೆಯೇ, ಟ್ರೈಗ್ಲಿಸರೈಡ್ 150 ಅಥವಾ ಅದಕ್ಕೂ ಹೆಚ್ಚಿದೆಯೇ, ಎಚ್.ಡಿ.ಎಲ್. ಎಂಬ ಒಳ್ಳೆಯ ಕೊಲೆಸ್ಟರಾಲ್ ಪುರುಷರಲ್ಲಿ 40ಕ್ಕಿಂತ, ಮಹಿಳೆಯರಲ್ಲಿ 50ಕ್ಕಿಂತ ಕಡಿಮೆಯಿದೆಯೇ ಎಂದು ನೋಡಬೇಕು. ದೊಡ್ಡ ಸೊಂಟದೊಡನೆ ಇವುಗಳಲ್ಲಿ ಎರಡು ಸೇರಿದರೆ ವೈದ್ಯರ ಸಲಹೆಯನ್ನು ಮುಂದೂಡಬಾರದು.

ಮಹಿಳಾ ಉದ್ಯಮಿಗಳೂ ಈ ಲೆಕ್ಕದಿಂದ ಹೊರತಲ್ಲ. ಮುಟ್ಟು ನಿಂತ ಮೇಲೆ ಹಾರ್ಮೋನುಗಳ ಬದಲಾವಣೆಯಿಂದ ತೊಡೆ, ನಿತಂಬಗಳಲ್ಲಿ ಸೇರುತ್ತಿದ್ದ ಕೊಬ್ಬು ಹೊಟ್ಟೆಯತ್ತ ತಿರುಗುತ್ತದೆ. ಸೀರೆಯ ನೆರಿಗೆಯಲ್ಲಿ ಅದು ಬೇಗ ಕಣ್ಣಿಗೆ ಬೀಳುವುದಿಲ್ಲ.

ಸೋರಿಕೆ ಎಲ್ಲಿ?

ಅಂಗಡಿಯಲ್ಲಿ ಕಾಣದ ಸೋರಿಕೆಯನ್ನು ಹುಡುಕುವವರು ಮೊದಲು ಚಿಲ್ಲರೆ ಖರ್ಚಿನ ಪುಸ್ತಕವನ್ನು ನೋಡುತ್ತಾರೆ. ಇಲ್ಲಿಯೂ ಅದೇ ಕ್ರಮ. ಬಂದ ಪ್ರತಿಯೊಬ್ಬ ಗಿರಾಕಿಯೊಡನೆ, ದಲ್ಲಾಳಿಯೊಡನೆ, ಪ್ರತಿನಿಧಿಯೊಡನೆ ಒಂದು ಲೋಟ ಚಹಾ ಎಂದರೆ ದಿನಕ್ಕೆ ಆರು ಲೋಟವಾಗುವುದು ಕಷ್ಟವೇನಲ್ಲ. ಲೋಟಕ್ಕೆ ಎರಡು ಚಮಚ ಸಕ್ಕರೆಯಾದರೆ ಒಟ್ಟು ಹನ್ನೆರಡು ಚಮಚ, ಅಂದರೆ 50 ರಿಂದ 60 ಗ್ರಾಂ. ಹಾಲನ್ನು ಬಿಟ್ಟೇ 200ಕ್ಕೂ ಹೆಚ್ಚು ಕ್ಯಾಲೊರಿ. ಸಕ್ಕರೆಯನ್ನು ದಿನಕ್ಕೆ ಸುಮಾರು 25 ಗ್ರಾಂ ಒಳಗಿಟ್ಟರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬೆಂಗಳೂರಿನ ಹೋಟೆಲುಗಳ ‘ಬೈ-ಟು’ ಪದ್ಧತಿಯನ್ನು ಅಂಗಡಿಗೂ ತಂದು, ಸಕ್ಕರೆಯನ್ನು ಬೇರೆ ಬಟ್ಟಲಲ್ಲಿ ತರಿಸಿದರೆ ಆತಿಥ್ಯಕ್ಕೂ ಊನವಿಲ್ಲ.

ಎರಡನೆಯದು ಎಣ್ಣೆ. ನಾಲ್ವರ ಮನೆಯಲ್ಲಿ ತಿಂಗಳಿಗೆ ಐದು ಲೀಟರ್ ಎಣ್ಣೆ ಮುಗಿದರೆ ತಲೆಗೆ ದಿನಕ್ಕೆ ಸುಮಾರು 38 ಗ್ರಾಂ ಆಯಿತು. ಕುಳಿತು ಕೆಲಸ ಮಾಡುವವರಿಗೆ 25 ರಿಂದ 30 ಗ್ರಾಂ ಸಾಕು. ಸಂಜೆಯ ಮಿರ್ಚಿ, ಬಜ್ಜಿ, ವಡೆಗಳ ಎಣ್ಣೆ ಈ ಲೆಕ್ಕಕ್ಕೆ ಬಂದೇ ಇಲ್ಲ. ಮಂಡಕ್ಕಿ, ಗಿರಮಿಟ್ಟುಗಳನ್ನು ಬಿಡಬೇಕಾಗಿಲ್ಲ. ಅವುಗಳ ಜೊತೆಗೆ ಬರುವ ಕರಿದ ಮಿರ್ಚಿಯನ್ನು ವಾರಕ್ಕೊಮ್ಮೆಗೆ ಇಳಿಸಿದರೂ ವ್ಯತ್ಯಾಸ ಕಾಣುತ್ತದೆ.

ಮೂರನೆಯದು ರಾತ್ರಿಯ ಊಟ. ಒಂಬತ್ತಕ್ಕೆ ಬಾಗಿಲು ಹಾಕಿ, ಲೆಕ್ಕ ಮುಗಿಸಿ, ಹತ್ತು ಗಂಟೆಗೆ ಹೊಟ್ಟೆತುಂಬ ಉಂಡು ಮಲಗುವುದು ಪೇಟೆಯ ವಾಡಿಕೆ. ಸಂಜೆ ಆರೂವರೆಯ ಸುಮಾರಿಗೆ ಅಂಗಡಿಯಲ್ಲಿಯೇ ಮೊಳಕೆಕಾಳು, ಹುರಿಗಡಲೆ, ಮಜ್ಜಿಗೆಯಂಥ ಅಲ್ಪಾಹಾರ ಮಾಡಿದರೆ ರಾತ್ರಿಯ ಹಸಿವು ಅರ್ಧಕ್ಕಿಳಿಯುತ್ತದೆ. ಒಪ್ಪತ್ತು ಮಾಡುವವರು ಸಾಬೂದಾನಿ ವಡೆ, ಉಪ್ಪಿಟ್ಟುಗಳಿಂದ ಫಲಾಹಾರ ಮುಗಿಸುವುದನ್ನು ಬಿಟ್ಟರೆ ಆಚರಣೆಯ ಜೊತೆಗೆ ದೇಹಕ್ಕೂ ಪ್ರಯೋಜನ. ಮದ್ಯದ ಮಾತಂತೂ ಸ್ಪಷ್ಟ: ಗ್ರಾಂಗೆ ಏಳು ಕ್ಯಾಲೊರಿಯ ಅದು ಪಿಷ್ಟ, ಸಕ್ಕರೆಗಳನ್ನು ಮೀರಿಸಿ ಕೊಬ್ಬಿನ ಸನಿಹಕ್ಕೆ ನಿಲ್ಲುತ್ತದೆ, ಯಕೃತ್ತಿಗೆ ಬೇರೆಯೇ ಹಾನಿ ಮಾಡುತ್ತದೆ.

ಒಟ್ಟಾರೆ ತಟ್ಟೆಯ ಹಂಚಿಕೆಯೂ ಬದಲಾಗಬೇಕು. ಅನ್ನ, ರೊಟ್ಟಿ, ಚಪಾತಿಗಳ ಪಾಲನ್ನು ತಗ್ಗಿಸಿ ಬೇಳೆ, ಕಾಳು, ಮೊಸರು, ತರಕಾರಿಗಳ ಪಾಲನ್ನು ಹೆಚ್ಚಿಸುವುದೇ ಅದರ ಸಾರ. ರಾಗಿಯೆಂದ ಮಾತ್ರಕ್ಕೆ ಮುದ್ದೆಯ ಗಾತ್ರಕ್ಕೆ ಮಿತಿಯಿಲ್ಲವೆಂದು ತಿಳಿಯಬಾರದು.

ಕರಗಿಸುವ ದಾರಿ

ಹೊಟ್ಟೆಯ ಕೊಬ್ಬನ್ನು ಹೊಟ್ಟೆಯ ವ್ಯಾಯಾಮದಿಂದಲೇ ಕರಗಿಸಬಹುದೆಂಬುದು ತಪ್ಪು ಕಲ್ಪನೆ. ಮಲಗಿ ಎದ್ದು ನೂರು ಬಾರಿ ಬಾಗಿದರೆ ಹೊಟ್ಟೆಯ ಸ್ನಾಯು ಗಟ್ಟಿಯಾಗುತ್ತದೆ. ಅದರ ಮೇಲಿನ, ಒಳಗಿನ ಕೊಬ್ಬು ಇಡೀ ದೇಹದ ಜಮಾ-ಖರ್ಚಿಗೆ ತಕ್ಕಂತೆಯೇ ಕರಗುತ್ತದೆ. ಸಂತೋಷದ ಸಂಗತಿಯೆಂದರೆ, ತೂಕ ಇಳಿಯತೊಡಗಿದಾಗ ಒಳಗಿನ ಅಪಾಯಕಾರಿ ಕೊಬ್ಬು ಬೇಗ ಸ್ಪಂದಿಸುತ್ತದೆ. ಇರುವ ತೂಕದ ಶೇಕಡ 5 ರಿಂದ 10ರಷ್ಟು ಇಳಿಸಿದರೂ ರಕ್ತದೊತ್ತಡ, ಸಕ್ಕರೆಗಳಲ್ಲಿ ಸುಧಾರಣೆ ಕಾಣುತ್ತದೆ. ಎಂಬತ್ತು ಕಿಲೋ ತೂಗುವವರಿಗೆ ಅದು ನಾಲ್ಕರಿಂದ ಎಂಟು ಕಿಲೋ. ವಾರಕ್ಕೆ ಅರ್ಧ ಕಿಲೋ ಇಳಿದರೆ ಅದು ಒಳ್ಳೆಯ ವೇಗ; ಅವಸರ ಬೇಡ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆಯಂಥ ಚಟುವಟಿಕೆಯೂ, ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವೂ ಬೇಕು. ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಅದು ಚುರುಕು ನಡಿಗೆಯ ಅಳತೆ. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಮೂವತ್ತು ನಿಮಿಷ ಸಿಗದಿದ್ದರೆ ಹತ್ತು ನಿಮಿಷದ ಮೂರು ಕಂತುಗಳಾದರೂ ಆದೀತು. ಬೈಠಕ್, ಸೂರ್ಯನಮಸ್ಕಾರಗಳಿಗೆ ಯಂತ್ರವೂ ಬೇಡ, ಶುಲ್ಕವೂ ಬೇಡ.

ಇದರಿಂದ ನಿಜವಾಗಿ ಫಲವಿದೆಯೇ? ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಮಧುಮೇಹದ ಹೊಸ್ತಿಲಲ್ಲಿದ್ದ ಭಾರತೀಯರ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಆಹಾರ, ನಡಿಗೆಗಳ ಬದಲಾವಣೆಯಿಂದ ಮಧುಮೇಹಕ್ಕೆ ಜಾರುವ ಸಂಭವ ಶೇಕಡ 28.5ರಷ್ಟು ಕಡಿಮೆಯಾಯಿತು. ಮೆಟ್‌ಫಾರ್ಮಿನ್ ಮಾತ್ರೆಯಿಂದಾದ ಇಳಿಕೆ ಶೇಕಡ 26.4. ಮಾತ್ರೆಗೆ ಸಮನಾದ ಫಲವನ್ನು ನಡಿಗೆ, ಊಟಗಳ ಶಿಸ್ತೇ ಕೊಟ್ಟಿತು.

ಜಾಹೀರಾತಿನ ಮಾತು

ಕಂಪಿಸುವ ಬೆಲ್ಟು, ಬೆವರು ಹರಿಸುವ ಪಟ್ಟಿ, ಹದಿನೈದು ದಿನದಲ್ಲಿ ಹೊಟ್ಟೆ ಇಳಿಸುವ ಪುಡಿ ಇವುಗಳ ಜಾಹೀರಾತು ಎಂದೂ ನಿಂತಿಲ್ಲ. ಬೆವರಿನಲ್ಲಿ ಹೋಗುವುದು ನೀರು. ಒಂದು ತಂಬಿಗೆ ನೀರು ಕುಡಿದರೆ ಆ ತೂಕ ಮರಳಿ ಬರುತ್ತದೆ. ಸರಕಿನ ಗುಣವನ್ನು ಪರೀಕ್ಷಿಸದೆ ಮುಂಗಡ ಕೊಡದ ವರ್ತಕರು ಇಲ್ಲಿಯೂ ಅದೇ ಎಚ್ಚರವನ್ನು ತೋರಬೇಕು.

ಹೊಸ ಚುಚ್ಚುಮದ್ದುಗಳ ವಿಷಯ ಬೇರೆ. ಟಿರ್ಜೆಪಟೈಡ್ 2025ರ ಮಾರ್ಚಿನಲ್ಲಿಯೂ, ತೂಕ ಇಳಿಸಲೆಂದೇ ಇರುವ ಸೆಮಾಗ್ಲುಟೈಡ್ ಚುಚ್ಚುಮದ್ದು ಅದೇ ವರ್ಷದ ಜೂನಿನಲ್ಲಿಯೂ ಭಾರತದ ಮಾರುಕಟ್ಟೆಗೆ ಬಂದವು. ಇವು ಹಸಿವನ್ನು ತಗ್ಗಿಸಿ ತೂಕವನ್ನು ಗಣನೀಯವಾಗಿ ಇಳಿಸುತ್ತವೆ ಎಂಬುದು ಪ್ರಯೋಗಗಳಿಂದ ಸಿದ್ಧವಾಗಿದೆ. ಆದರೆ ಸೆಮಾಗ್ಲುಟೈಡ್ ನಿಲ್ಲಿಸಿದವರನ್ನು ಗಮನಿಸಿದಾಗ, ಇಳಿದ ತೂಕದ ಮೂರನೆಯ ಎರಡು ಪಾಲು ಒಂದು ವರ್ಷದಲ್ಲಿ ಮರಳಿ ಬಂದದ್ದು ಕಂಡಿತು. ತಜ್ಞ ವೈದ್ಯರ ಸಲಹೆಯಿಲ್ಲದೆ, ಪರಿಚಯದ ಔಷಧ ಅಂಗಡಿಯಿಂದ ತರಿಸಿಕೊಳ್ಳುವ ವಸ್ತುಗಳು ಇವಲ್ಲ. ಈಗಾಗಲೇ ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ಉಪವಾಸವನ್ನೂ ಆರಂಭಿಸಬಾರದು. ಸಕ್ಕರೆ ಒಮ್ಮೆಲೇ ಕುಸಿಯುವ ಅಪಾಯವಿದೆ.

ಅಂಗಡಿ, ಕಾರ್ಖಾನೆಗಳಲ್ಲಿ ಆಗಬೇಕಾದ್ದು

ಮನೆಯಲ್ಲಿ ಸಂಕಲ್ಪ ಮಾಡಿ ಅಂಗಡಿಯಲ್ಲಿ ಅದನ್ನು ಮುರಿಯುವುದು ಸಾಮಾನ್ಯ. ವರ್ತಕರ ದಿನದ ಹತ್ತು ಹನ್ನೆರಡು ಗಂಟೆ ಕಳೆಯುವುದು ಅಂಗಡಿಯಲ್ಲಿಯೇ ಆದುದರಿಂದ ಬದಲಾವಣೆಯೂ ಅಲ್ಲಿಂದಲೇ ಆರಂಭವಾಗಬೇಕು. ಕೈಗೆ ಎಟುಕುವಂತೆ ಜೋಡಿಸಿಕೊಂಡ ಸರಕು, ಫೋನು, ಲೆಕ್ಕದ ಪುಸ್ತಕಗಳನ್ನು ಸ್ವಲ್ಪ ದೂರವಿಟ್ಟರೆ ಗಂಟೆಗೊಮ್ಮೆಯಾದರೂ ಏಳಬೇಕಾಗುತ್ತದೆ. ಗೋದಾಮಿನ ದಾಸ್ತಾನನ್ನು ದಿನಕ್ಕೊಮ್ಮೆ ಸ್ವತಃ ಹೋಗಿ ನೋಡುವ ಮಾಲೀಕರಿಗೆ ಎರಡು ಲಾಭ. ಫೋನಿನಲ್ಲಿ ಮಾತನಾಡುವಾಗ ನಿಲ್ಲುವುದು, ಬ್ಯಾಂಕಿಗೆ ನಡೆದೇ ಹೋಗುವುದು ಕೂಡ ಇದೇ ಖಾತೆಗೆ ಜಮಾ.

ಸಣ್ಣ ಕಾರ್ಖಾನೆಗಳ ಮಾಲೀಕರು ಕೆಲಸಗಾರರ ಚಹಾದ ಜೊತೆ ಕೊಡುವ ಕರಿದ ತಿಂಡಿಗೆ ಬದಲಾಗಿ ಬೇಯಿಸಿದ ಕಡಲೆ, ಬಾಳೆಹಣ್ಣು ಕೊಡಬಹುದು. ವೆಚ್ಚ ಹೆಚ್ಚೇನೂ ಆಗದು. ವರ್ಷಕ್ಕೊಮ್ಮೆ ಒಂದು ಟೇಪು, ಒಂದು ರಕ್ತದೊತ್ತಡದ ಯಂತ್ರ, ಸಕ್ಕರೆ ಪರೀಕ್ಷೆಯ ಪಟ್ಟಿಗಳೊಡನೆ ತಪಾಸಣೆ ನಡೆಸಿದರೆ, ರಜೆಯ ಅರ್ಜಿಯಾಗಿ ಬರಬೇಕಾದ ಕಾಯಿಲೆ ಮೊದಲೇ ಗೊತ್ತಾಗುತ್ತದೆ. ದೀಪಾವಳಿಯ ಅಂಗಡಿ ಪೂಜೆಗೆ ಸಿಹಿಯ ಡಬ್ಬಿಯ ಬದಲು ಒಣಹಣ್ಣು ಕೊಡುವವರು ಈಗಾಗಲೇ ಹಲವರಿದ್ದಾರೆ. ವ್ಯಾಪಾರಿ ಸಂಘಗಳ ಸಭೆಗಳ ಉಪಾಹಾರಕ್ಕೂ ಈ ಕ್ರಮವನ್ನು ವಿಸ್ತರಿಸಬಹುದು.

ಹೊಸ ಆರ್ಥಿಕ ವರ್ಷಕ್ಕಾಗಲಿ, ದೀಪಾವಳಿಯ ಹೊಸ ಪುಸ್ತಕಕ್ಕಾಗಲಿ ಕಾಯಬೇಕಾಗಿಲ್ಲ. ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಇಂದಿನ ತಾರೀಖು ಮತ್ತು ಸೊಂಟದ ಅಳತೆಯನ್ನು ಬರೆದಿಟ್ಟು, ಪ್ರತಿ ತಿಂಗಳ ಮೊದಲ ದಿನ ಅದರ ಕೆಳಗೆ ಇನ್ನೊಂದು ಅಂಕಿಯನ್ನು ಸೇರಿಸುತ್ತ ಹೋದರೆ ಸಾಕು. ಮೂರು ತಿಂಗಳಲ್ಲಿ ಒಂದೂವರೆ, ಎರಡು ಇಂಚು ಇಳಿದಿದ್ದರೆ ಹಿಡಿದ ದಾರಿ ಸರಿಯಾಗಿದೆ. ಇಳಿಯದಿದ್ದರೆ ಚಹಾ, ಎಣ್ಣೆ, ರಾತ್ರಿಯ ಊಟ ಈ ಮೂರು ಬಾಬುಗಳನ್ನು ಮತ್ತೊಮ್ಮೆ ತಾಳೆ ನೋಡಬೇಕು. ಉಳಿದ ಖಾತೆಗಳಲ್ಲೆಲ್ಲ ಅಂಕಿ ಏರಿದರೆ ಸಂತೋಷ. ಇಳಿದಷ್ಟೂ ಲಾಭ ತರುವ ಖಾತೆ ಇದೊಂದೇ.